ಮುಳುಗಿದ ಓಣಿಗಳ ನಕಾಶೆ ನಮಗೆ ಕೊಡಿ

ಮಾನ್ಯ ಬಾಗಲಕೋಟೆ ಜಿಲ್ಲಾಧಿಕಾರಿಗಳಿಗೆ, ಪಟ್ಟಣ ಅಭಿವೃದ್ಧಿ ಪ್ರಾಧಿಕಾರದವರಿಗೆ, ಭೂಸ್ವಾಧೀನ ಮತ್ತು ಪುನರ್ವಸತಿಯ ಕೆಲಸ ನೋಡುವ ಅಧಿಕಾರಿಗಳಿಗೆ, ನಗರಸಭೆಯ ಸದಸ್ಯರಿಗೆ, ಹಾಗೆಯೇ ಹಳೇ ಊರು, ವಿದ್ಯಾಗಿರಿ, ನವನಗರದ ನನ್ನ ಎಲ್ಲ ಜನರಿಗೆ,

ಶರಣು ಶರಣಾರ್ಥಿ.

ಪರಿಹಾರ ಹೆಚ್ಚಿಸಿ ಎಂದು ಕೇಳುವ ಪತ್ರ ಇದಲ್ಲ. ನಮ್ಮ ಮನೆಯ ಪರಿಹಾರ ಎಂದೋ ಬಂತು. ಆ ದುಡ್ಡಿನಲ್ಲಿ ನವನಗರದಲ್ಲಿ ಮನೆ ಎದ್ದಿತು, ಅದೇ ಮನೆಯಲ್ಲಿ ತಂಗಿಯ ಮದುವೆ ಆಯಿತು, ಅಪ್ಪ ಅಲ್ಲೇ ತೀರಿಕೊಂಡರು. ನಾನು ಕೇಳುತ್ತಿರುವುದು ಒಂದು ನಕಾಶೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗಾಗಿ ತೆರವಾದ ಹಳೇ ಬಾಗಲಕೋಟೆಯ ಓಣಿಗಳು ಹೇಗಿದ್ದವು, ಯಾವ ಮನೆಯ ಬಾಜೂಕ ಯಾವ ಮನೆ ಇತ್ತು, ಬಾವಿ ಎಲ್ಲಿತ್ತು, ಗುಡಿ ಎಲ್ಲಿತ್ತು, ಹಿಟ್ಟಿನ ಗಿರಣಿ ಯಾವ ತಿರುವಿನಲ್ಲಿತ್ತು, ಯಾರ ಕಟ್ಟೆಯ ಮೇಲೆ ಯಾರು ಕೂಡುತ್ತಿದ್ದರು ಎಂದು ತೋರಿಸುವ ದೊಡ್ಡ ನಕಾಶೆ. ಯಾರು ಬೇಕಾದರೂ ಹೋಗಿ ನೋಡುವಂಥ ಜಾಗದಲ್ಲಿ ಅದು ಇರಬೇಕು. ಅದಕ್ಕೆ ಬೇಕಾದ ಅರ್ಧ ಮಾಹಿತಿ ಸರಕಾರದ ಕಡತಗಳಲ್ಲಿದೆ, ಇನ್ನರ್ಧ ನಮ್ಮ ಹಿರಿಯರ ನೆನಪಿನಲ್ಲಿದೆ. ಆ ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಅದಕ್ಕೇ ಈ ಮಾತನ್ನು ಅರ್ಜಿಯಲ್ಲಿ ಬರೆದು ಒಂದು ಕಚೇರಿಗೆ ಕೊಟ್ಟು ಬರುವ ಬದಲು ಎಲ್ಲರ ಎದುರು ಬರೆಯುತ್ತಿದ್ದೇನೆ.

ಬೇರೆ ಜಿಲ್ಲೆಗಳಿಂದ ವರ್ಗವಾಗಿ ಬಂದವರಿಗೆ, ನವನಗರದಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೆ ಸ್ವಲ್ಪ ಹಿಂದಿನದು ಹೇಳಬೇಕು. ಆಲಮಟ್ಟಿಯಲ್ಲಿ ಕೃಷ್ಣೆಗೆ ಅಡ್ಡವಾಗಿ ಅಣೆಕಟ್ಟು ಕಟ್ಟಲು 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟರು. ನಮ್ಮ ಊರಿನದು ಘಟಪ್ರಭೆ ಹೊಳೆ. ಆದರೆ ಘಟಪ್ರಭೆ ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಆಲಮಟ್ಟಿಯಲ್ಲಿ ನೀರು ನಿಲ್ಲಿಸಿದರೆ ನಮ್ಮ ಹೊಳೆ ಮುಂದೆ ಹೋಗಲಾರದೆ ಹಿಂದಕ್ಕೆ ಏರುತ್ತದೆ. ಹಾಗಾಗಿ ಅಣೆಕಟ್ಟು ಏಳುವುದರ ಜೊತೆಗೇ ಹೊಸ ಊರಿನ ತಯಾರಿಯೂ ನಡೆಯಿತು. ನವನಗರದ ವಿನ್ಯಾಸ ಮಾಡಿಕೊಟ್ಟವರು ಚಾರ್ಲ್ಸ್ ಕೊರಿಯಾ ಎಂಬ ದೊಡ್ಡ ವಾಸ್ತುಶಿಲ್ಪಿ. 1997ರಲ್ಲಿ ವಿಜಾಪುರದಿಂದ ಬೇರೆಯಾಗಿ ನಮ್ಮದು ಜಿಲ್ಲೆಯಾದಾಗ ಕಚೇರಿಗಳೆಲ್ಲ ಅಲ್ಲೇ ಬಂದವು. 2000ದ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ 519.60 ಮೀಟರ್‌ವರೆಗೆ ನೀರು ನಿಲ್ಲಿಸಲು ಒಪ್ಪಿತು. ಹೊಳೆಯ ಕಡೆಗಿನ ನಮ್ಮ ಓಣಿಯಂಥ ಓಣಿಗಳ ಮನೆಗಳು ಆ ಹಿಂದುಮುಂದಿನ ವರ್ಷಗಳಲ್ಲಿ ಒಂದೊಂದಾಗಿ ಬಿದ್ದವು. ನಾವೇ ಬೀಳಿಸಿದೆವು ಎಂದರೂ ಸರಿ. ತೊಲೆ, ಜಂತಿ, ಬಾಗಿಲು, ಚೌಕಟ್ಟು ಕಿತ್ತು ಟ್ರ್ಯಾಕ್ಟರ್‌ನಲ್ಲಿ ಹೇರಿಕೊಂಡು ಬಂದವರು ನಾವೇ.

ಇದರಿಂದ ನೀರು ಕಂಡ ಹೊಲಗಳೆಷ್ಟೋ ಇವೆ. ಈ ಅಣೆಕಟ್ಟು ಸೇರಿದ ಕೃಷ್ಣಾ ಮೇಲ್ದಂಡೆ ಯೋಜನೆ ಬೇಡವಾಗಿತ್ತು ಎಂದು ನಾನು ಹೇಳುವುದಿಲ್ಲ. ಬರದ ನಾಡಿನಲ್ಲಿ ಹುಟ್ಟಿದವರು ಯಾರೂ ಹಾಗೆ ಹೇಳಲಾರರು.

ನಮ್ಮ ಓಣಿಯಲ್ಲಿ ಮನೆಗಳು ಒಂದಕ್ಕೊಂದು ಗೋಡೆ ಹಚ್ಚಿಕೊಂಡೇ ಇದ್ದವು. ಮಣ್ಣಿನ ಮಾಳಿಗೆ, ಮೇಲೆ ಬೆಳಕಿಂಡಿ, ಒಳಗೆ ಪಡಸಾಲೆ, ಬಾಗಿಲ ಎರಡೂ ಬದಿಗೆ ಕಟ್ಟೆ. ಕಟ್ಟೆಗೆ ಹಾಸಿದ ಫರಸಿ ಕೂತು ಕೂತೇ ನುಣುಪಾಗಿತ್ತು, ಬೇಸಿಗೆಯ ಸಂಜೆ ಒಂದು ಕೊಡ ನೀರು ಸುರಿದರೆ ರಾತ್ರಿಯವರೆಗೂ ತಂಪು. ಮಧ್ಯಾಹ್ನ ಹೆಂಗಸರು ಅಲ್ಲಿ ಜೋಳ ಹಸನು ಮಾಡುತ್ತಿದ್ದರು, ಬೇಸಿಗೆ ಬಂದರೆ ಶಾವಿಗೆ ಹೊಸೆಯುತ್ತಿದ್ದರು. ಸಂಜೆ ಅದೇ ಜಾಗ ಗಂಡಸರದು. ರಾತ್ರಿ ಸೆಕೆಗೆ ಹುಡುಗರು ಅಲ್ಲೇ ಮಲಗುತ್ತಿದ್ದರು. ಗೋಡೆಯಾಚೆಯ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಮ್ಮ ಅಡಿಗೆಮನೆಗೆ ಕೇಳುತ್ತಿತ್ತು. ಒಂದು ಮುಂಜಾನೆ ಅವ್ವನಿಗೆ ಜ್ವರ ಬಂದು ರೊಟ್ಟಿ ಮಾಡದೆ ಮಲಗಿದಾಗ ಬಾಜೂ ಮನೆಯ ಅಜ್ಜಿ ಬಾಗಿಲಿಗೆ ಬಂದು ನಿಂತಿದ್ದಳು: “ಯಾಕವ್ವಾ, ಇವತ್ತ ರೊಟ್ಟಿ ಸಪ್ಪಳನ ಇಲ್ಲಲ್ಲ, ಆರಾಮ ಅದೀರಿಲ್ಲ?” ಕೈಯಲ್ಲಿ ಬಿಸಿ ರೊಟ್ಟಿ, ಒಂದು ಬಟ್ಟಲು ಖಾರಬ್ಯಾಳಿ. ಯಾರೂ ಹೋಗಿ ಹೇಳಿರಲಿಲ್ಲ.

ಇದನ್ನು ಬರೆಯುವಾಗ ನನಗೆ ಗೊತ್ತಿದೆ, ಆ ಓಣಿಯಲ್ಲಿ ಎಲ್ಲವೂ ಇಷ್ಟೇ ಸೊಗಸಾಗಿರಲಿಲ್ಲ. ಗಟಾರ ತುಂಬಿ ಹರಿಯುತ್ತಿತ್ತು. ಮಳೆಗಾಲದಲ್ಲಿ ಮಾಳಿಗೆ ಸೋರುತ್ತಿತ್ತು. ಯಾರು ಯಾವ ಕಟ್ಟೆಯ ಮೇಲೆ ಕೂಡಬಹುದು, ಯಾರು ಕೂಡಬಾರದು ಎಂಬ ಲೆಕ್ಕ ಊರಿಗೆಲ್ಲ ಗೊತ್ತಿತ್ತು, ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನಕಾಶೆಯಲ್ಲಿ ಅದೂ ಕಾಣಲಿ. ಕೇರಿ ಎಲ್ಲಿತ್ತು, ಅವರ ಬಾವಿ ಎಲ್ಲಿತ್ತು, ನಮ್ಮ ಬಾವಿ ಎಲ್ಲಿತ್ತು ಎಂಬುದು ಮುಚ್ಚಿಡುವ ವಿಷಯವಲ್ಲ.

ಅಪ್ಪ ಪೋಸ್ಟ್‌ಮನ್ ಆಗಿದ್ದರು. ಹಳೇ ಊರಿನ ಓಣಿಗಳಲ್ಲೇ ಅವರ ಬೀಟು. ಆಗಿನ ಕಾಗದಗಳ ಮೇಲೆ ಮನೆ ನಂಬರ್ ಇರುವುದೇ ಅಪರೂಪ. “ಗಿರಣಿ ಹಿಂದ”, “ಬೇವಿನ ಗಿಡದ ಎದುರ”, “ನೇಕಾರರ ಮನಿ ಮ್ಯಾಲ”, ಇವೇ ವಿಳಾಸ. ಗೋವಾಕ್ಕೆ ದುಡಿಯಲು ಹೋದವರ ಮನಿಆರ್ಡರ್ ಬರುತ್ತಿದ್ದವು, ಅವುಗಳಲ್ಲಿ ಬಹಳಷ್ಟು ಬಾಡಿಗೆ ಕೋಣೆಗಳಲ್ಲಿ ಇದ್ದವರಿಗೆ, ಒಂದು ಖೋಲಿಯಲ್ಲಿ ಎರಡು ಸಂಸಾರ ಮಾಡಿಕೊಂಡಿದ್ದವರಿಗೆ. ಅಂಥವರ ಹೆಸರು ಯಾವ ಬಾಗಿಲ ಮೇಲೂ ಇರುತ್ತಿರಲಿಲ್ಲ. ಅಪ್ಪನಿಗೆ ಮಾತ್ರ ಗೊತ್ತಿರುತ್ತಿತ್ತು.

ನವನಗರಕ್ಕೆ ಬಂದ ಮೇಲೆ, ನಿವೃತ್ತಿಯಾಗಿ ಕಣ್ಣು ಮಂದವಾದ ಮೇಲೆ, ಸಂಜೆ ಹೊತ್ತು ಅಪ್ಪ ಓಣಿಯನ್ನು ಬಾಯಿಪಾಠ ಹೇಳತೊಡಗಿದರು. “ಬರಕೋ, ಎಡಗಡಿ ಸಾಲು ಹಿಡಿ” ಎನ್ನುವರು. ಚೌಕದ ಕಡೆಯಿಂದ ಹೊಳೆಯ ಕಡೆಗೆ ಮನೆ ಬಿಡದೆ ಹೇಳಿಕೊಂಡು ಹೋಗುವರು. ಇದು ಇಂಥವರ ಮನೆ, ಮುಂದೆ ಬಳೆಗಾರ್ತಿ ಕೂಡುತ್ತಿದ್ದಳು, ಹಿಂದಿನ ಖೋಲಿಯಲ್ಲಿ ಮಗ್ಗದ ಕೆಲಸದವನು, ಅವನಿಗೆ ಇಳಕಲ್‌ನಿಂದ ಅಣ್ಣನ ಕಾಗದ ಬರುತ್ತಿತ್ತು. ಇದು ದರ್ಜಿ ಅಂಗಡಿ. ಇದು ಬೀಗ ಹಾಕಿದ ಮನೆ, ಮಾಲೀಕರು ಪುಣೆಯಲ್ಲಿ. ಇಲ್ಲಿ ಒಂದು ಸಂದಿ, ಸಂದಿಯೊಳಗೆ ಮೂರು ಬಾಗಿಲು. ನಾನು ಹಳೆಯ ಡೈರಿಯೊಂದರಲ್ಲಿ ಬರೆದುಕೊಂಡೆ. ಎಡಗಡೆಯ ಸಾಲು ಹೊಳೆಯ ದಂಡೆಯವರೆಗೆ ಮುಟ್ಟಿತು. ಬಲಗಡೆಯದನ್ನು ಶುರು ಮಾಡುವ ಮೊದಲೇ ಅಪ್ಪ ಹಾಸಿಗೆ ಹಿಡಿದರು. ಹಾಗಾಗಿ ನನ್ನ ಹತ್ತಿರ ಇರುವುದು ಒಂದೇ ಓಣಿಯ ಒಂದೇ ಸಾಲು.

ಅವರು ತೀರಿಕೊಂಡ ಮೇಲೆ ವಾರಸಾ ಮಾಡಿಸಲು ಹಳೆಯ ಮನೆಯ ಪರಿಹಾರದ ಕಾಗದದ ದೃಢೀಕೃತ ನಕಲು ಬೇಕಾಯಿತು. ಒಂದು ಕಚೇರಿಯ ದಾಖಲೆ ಕೋಣೆಯಲ್ಲಿ ಗುಮಾಸ್ತರೊಬ್ಬರು ಬಹಳ ತಾಳ್ಮೆಯಿಂದ ಹುಡುಕಿ, ಬಟ್ಟೆಯ ರುಮಾಲು ಬಿಚ್ಚಿ, ನಮ್ಮ ಕಡತವನ್ನು ಮೇಜಿನ ಮೇಲೆ ಇಟ್ಟರು. ಅದರೊಳಗೆ ನಮ್ಮ ಮನೆ ಇತ್ತು. ಪಡಸಾಲೆಯ ಉದ್ದ ಅಗಲ, ಅಡಿಗೆಮನೆಯ ಉದ್ದ ಅಗಲ, ಬಚ್ಚಲು, ದನದ ಕೊಟ್ಟಿಗೆ, ಎಲ್ಲಕ್ಕೂ ಅಳತೆ. ಗೋಡೆ ಮಣ್ಣಿನದು, ಮೇಲ್ಛಾವಣಿ ಮಾಳಿಗೆ. ತೊಲೆ ಇಷ್ಟು, ಜಂತಿ ಇಷ್ಟು, ಸಾಗವಾನಿ ಬಾಗಿಲು ಒಂದು, ಬೇರೆ ಕಟ್ಟಿಗೆಯ ಬಾಗಿಲು ಇಷ್ಟು. ಹಿತ್ತಲಲ್ಲಿ ಬೇವಿನ ಮರ ಒಂದು. ಕೈಯಿಂದ ಬರೆದ ನೀಲನಕ್ಷೆಯಲ್ಲಿ ಆ ಬೇವಿನ ಮರದ ಜಾಗಕ್ಕೆ ಸಣ್ಣ ದುಂಡು ಗುರುತು ಹಾಕಿ, ಸುತ್ತ ಪೆನ್ಸಿಲ್‌ನಿಂದ ಎಲೆಗಳಂತೆ ನಾಲ್ಕು ಗೆರೆ ಎಳೆದಿದ್ದರು. ಯಾರೋ ಸರ್ವೆಯವರು, ಎಳೆಯಲೇಬೇಕು ಎಂದಿರದಿದ್ದರೂ ಎಳೆದಿದ್ದರು. ಪಂಚನಾಮೆಯ ಕೆಳಗೆ ಅಪ್ಪನ ಸಹಿ, ಪೋಸ್ಟಿನಲ್ಲಿ ದಿನಾ ಮಾಡುತ್ತಿದ್ದ ಅದೇ ಅವಸರದ ಸಹಿ.

ನಾನು ಅಲ್ಲಿ ಬಹಳ ಹೊತ್ತು ಕೂತೆ. ಗುಮಾಸ್ತರು ಏನೂ ಅನ್ನಲಿಲ್ಲ, ಒಂದು ಗ್ಲಾಸು ನೀರು ತಂದಿಟ್ಟರು. ಎದ್ದು ಬರುವಾಗ ಸುತ್ತಲಿನ ಕಪಾಟುಗಳನ್ನು ನೋಡಿದೆ. ಎಷ್ಟೋ ರುಮಾಲು, ಒಂದೊಂದರಲ್ಲೂ ಎಷ್ಟೋ ಮನೆ. ನಾವು ಕಳೆದುಹೋಯಿತು ಎಂದು ಅಳುವ ಊರಿನ ಬಾಗಿಲುಗಳನ್ನೂ ಮರಗಳನ್ನೂ ಸರಕಾರವೇ ಎಣಿಸಿ ಬರೆದಿಟ್ಟಿದೆ. ಪರಿಹಾರ ಕೊಡುವ ಮೊದಲು ಹಾಗೆ ಎಣಿಸಲೇಬೇಕಲ್ಲ. ಆ ಕೆಲಸವನ್ನು ಬಿಸಿಲಿನಲ್ಲಿ ನಿಂತು ಟೇಪು ಹಿಡಿದು ಮಾಡಿದವರಿಗೆ ಈ ಪತ್ರದಲ್ಲಿ ಮನಸಾರೆ ನಮಸ್ಕಾರ ಹೇಳುತ್ತೇನೆ.

ಆದರೆ ಆ ಕಡತವನ್ನೂ ಅಪ್ಪನ ಡೈರಿಯನ್ನೂ ಎದುರುಬದುರು ಇಟ್ಟು ನೋಡಿದಾಗ ಒಂದು ಮಾತು ನನ್ನ ನಿದ್ದೆ ಕೆಡಿಸಿತು. ನಮ್ಮ ಮನೆಯ ಹಿಂದಿನ ಎರಡು ಖೋಲಿಗಳಲ್ಲಿ ಒಂದು ನೇಕಾರ ಸಂಸಾರ ಬಾಡಿಗೆಗೆ ಇತ್ತು. ನಾನು ಶಾಲೆಗೆ ಹೋಗುವ ಮೊದಲಿನಿಂದ ಇದ್ದರು. ಅವರ ಮಗ್ಗದ ಸಪ್ಪಳದಲ್ಲೇ ನಾನು ಓದಿದ್ದು. ಕಡತದಲ್ಲಿ ಆ ಎರಡು ಖೋಲಿಗಳ ಅಳತೆ ಇದೆ, ಅವರ ಹೆಸರಿಲ್ಲ. ಬೇವಿನ ಮರದ ಕೆಳಗೆ ಇಸ್ತ್ರಿ ಮಾಡುತ್ತಿದ್ದವನ ಹೆಸರಿಲ್ಲ, ಮರ ಮಾತ್ರ ಇದೆ. ಅಪ್ಪನ ಸಾಲಿನಲ್ಲಿ ಬರುವ ಬಳೆಗಾರ್ತಿ, ಸಂದಿಯೊಳಗಿನ ಮೂರು ಬಾಗಿಲಿನವರು, ದರ್ಜಿ, ಗೋವಾದಿಂದ ಮನಿಆರ್ಡರ್ ಬರುತ್ತಿದ್ದ ತಾಯಿ, ಇವರಲ್ಲಿ ಹೆಚ್ಚಿನವರಿಗೆ ಸ್ವಂತದ ಗೋಡೆ ಇರಲಿಲ್ಲ. ಭೂಸ್ವಾಧೀನದ ಕಾಗದ ಮಾಲೀಕನನ್ನು ಹುಡುಕುತ್ತದೆ, ಅದರ ಕೆಲಸವೇ ಅದು. ಓಣಿಯಲ್ಲಿ ಬದುಕಿದವರನ್ನು ಹುಡುಕುವ ಕೆಲಸ ಅದಕ್ಕೆ ಯಾರೂ ಹೇಳಿಲ್ಲ. ನಮಗೆ ನಿವೇಶನ ಸಿಕ್ಕಿತು. ಆ ನೇಕಾರರು ಒಂದು ಬೆಳಿಗ್ಗೆ ಮಗ್ಗ ಬಿಚ್ಚಿ ಬಂಡಿಗೆ ಹೇರಿ ಗುಳೇದಗುಡ್ಡದ ಕಡೆ ಹೋದರು. ಅವ್ವ ಅವರ ಕೈಗೆ ಒಂದು ಪಡಿ ಜೋಳ, ಬೆಲ್ಲ ಕಟ್ಟಿಕೊಟ್ಟಳು. ಆಮೇಲೆ ಅವರ ಸುದ್ದಿ ಇಲ್ಲ.

ಹಾಗಾಗಿ ಕಡತಗಳನ್ನಷ್ಟೇ ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಹಾಕಿದರೆ ನಾನು ಕೇಳುವ ನಕಾಶೆ ಆಗುವುದಿಲ್ಲ. ಕಡತದಿಂದ ಗೋಡೆ ಬರಲಿ, ಜನರಿಂದ ಜನ ಬರಲಿ. ಸಿಟಿ ಸರ್ವೆ ನಕಾಶೆಯ ಮೇಲೆ ಸ್ವಾಧೀನದ ಅಳತೆಗಳನ್ನು ಕೂಡಿಸಿ ಓಣಿಗೊಂದು ದೊಡ್ಡ ಹಾಳೆ ತಯಾರಿಸಿ. ಪರಿಹಾರದ ಮೊತ್ತ ಅದರಲ್ಲಿ ಬೇಡ, ಯಾರ ಮನೆಯ ಜಗಳವೂ ಬೀದಿಗೆ ಬರುವುದು ಬೇಡ. ಬರೀ ಗೋಡೆ, ಬಾಗಿಲು, ಮರ, ಬಾವಿ, ಗುಡಿ, ಮಸೀದಿ. ಆ ಹಾಳೆಗಳನ್ನು ಹಳೇ ಊರಿನಲ್ಲಿ, ಮುದುಕರು ಮೆಟ್ಟಿಲು ಹತ್ತದೆ ಬರಬಹುದಾದ ಕಡೆ ತೂಗುಹಾಕಿ. ಪಕ್ಕದಲ್ಲಿ ಪೆನ್ಸಿಲ್ ಇಡಿ. ಬರೆಯಲು ಬಾರದವರು ಹೇಳಿದ್ದನ್ನು ಬರೆದುಕೊಳ್ಳಲು ವಿದ್ಯಾಗಿರಿಯ ಕಾಲೇಜುಗಳಿಂದ ಹುಡುಗ ಹುಡುಗಿಯರನ್ನು ಕರೆಯಿರಿ. ಅವರಲ್ಲಿ ಬಹಳ ಮಂದಿ ಮುಳುಗಡೆಯವರ ಮೊಮ್ಮಕ್ಕಳೇ. ಯೋಜನಾ ನಿರಾಶ್ರಿತರ ಪ್ರಮಾಣಪತ್ರ ಅವರ ಮನೆಯ ಕಪಾಟಿನಲ್ಲಿ ಇರುತ್ತದೆ, ಯಾವ ಓಣಿಯಿಂದ ನಿರಾಶ್ರಿತರಾದೆವು ಎಂದು ಕೇಳಿದರೆ ಗೊತ್ತಿರುವುದಿಲ್ಲ.

ಯಾವಾಗ ಮಾಡಬೇಕು ಎಂಬುದನ್ನೂ ಹೇಳುತ್ತೇನೆ. ಹೋಳಿ ಹಬ್ಬಕ್ಕೆ. ನಮ್ಮ ಊರಿನ ಹೋಳಿಯ ಬಗ್ಗೆ ನಿಮಗೆ ವಿವರಿಸಬೇಕಾಗಿಲ್ಲ. ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ, ಐದೂ ಓಣಿಯವರು ಹಲಗೆ ಹಿಡಿದು ಬರುವಾಗ ಪುಣೆಯಲ್ಲಿದ್ದವರು, ಬೆಂಗಳೂರಿನಲ್ಲಿದ್ದವರು ರಜೆ ಹಾಕಿ ಬರುತ್ತಾರೆ. ದೀಪಾವಳಿಗೆ ಬರದವನೂ ಹೋಳಿಗೆ ಬರುತ್ತಾನೆ. ನವನಗರದಲ್ಲಿ ವರ್ಷವೆಲ್ಲ ಸೆಕ್ಟರ್ ನಂಬರಿನಲ್ಲಿ ಬದುಕುವವನು ಆ ದಿನಗಳಲ್ಲಿ ತನ್ನ ಅಜ್ಜನ ಓಣಿಯ ಬಣ್ಣದ ಬಂಡಿಯನ್ನೇ ಹತ್ತುತ್ತಾನೆ. ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಮಳೆಗಾಲ ಮುಗಿಯುವ ಹೊತ್ತಿಗೆ ತುಂಬಿ ನಿಲ್ಲುವ ಹಿನ್ನೀರು ಹೋಳಿಯ ಹೊತ್ತಿಗೆ ಇಳಿಯತೊಡಗಿರುತ್ತದೆ. ಬೇಸಿಗೆ ಏರಿದಂತೆ ಹಳೆಯ ಅಡಿಪಾಯದ ಕಲ್ಲುಗಳು ಮೇಲೆ ಬರುತ್ತವೆ. ನೀರು ಬಾರದ ಕಡೆಯೂ ಜಾಲಿಯ ನಡುವೆ ಹೊಸ್ತಿಲು ಹುಡುಕಬಹುದು. ಹಾಳೆಯ ಮೇಲೆ ಗುರುತು ಹಾಕಿದವರನ್ನು ಕರೆದುಕೊಂಡು ಆ ಜಾಗಕ್ಕೇ ಹೋಗಿ, ಇದೇ ಆ ಬಾವಿ, ಇದೇ ಆ ಗುಡಿಯ ಕಟ್ಟೆ ಎಂದು ಜಿಪಿಎಸ್‌ನಲ್ಲಿ ಹಿಡಿದಿಡಬಹುದು. ಮಾರ್ಚ್‌ನಿಂದ ಮೇ ತನಕ ಇದಕ್ಕೆ ಸಮಯ. ಜೂನ್ ಕಳೆದು ಮೇಲಿನ ಮಳೆಯ ನೀರು ಬಂತೆಂದರೆ ಮತ್ತೆ ಒಂದು ವರ್ಷ ಹೋಯಿತು.

ಈಗಲೇ ಯಾಕೆ ಎಂದು ಯಾರಾದರೂ ಕೇಳಬಹುದು. ಮುಳುಗಡೆ ಮುಗಿದ ಕಥೆಯಲ್ಲ, ಅದಕ್ಕೆ. ರಾಜ್ಯಗಳಿಗೆ ಕೃಷ್ಣೆಯ ನೀರು ಹಂಚುವ ಕೃಷ್ಣಾ ನ್ಯಾಯಮಂಡಳಿ 2010ರ ಡಿಸೆಂಬರ್‌ನಲ್ಲಿ ಆಲಮಟ್ಟಿಯ ಎತ್ತರವನ್ನು 524.256 ಮೀಟರ್‌ಗೆ ಏರಿಸಲು ಅವಕಾಶ ಕೊಟ್ಟಿದೆ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಅದಕ್ಕಾಗಿ ಮುಳುಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿ ಪರಿಹಾರ ಎಂದು ನಿರ್ಧರಿಸಿತು. ಅಂದರೆ ಇನ್ನಷ್ಟು ಊರು, ಇನ್ನಷ್ಟು ಓಣಿ. ಟೇಪು ಹಿಡಿದು ಸರ್ವೆಯವರು ಮತ್ತೆ ಮನೆ ಮನೆಗೆ ಬರುತ್ತಾರೆ. ಈ ಸಲ ಅವರ ಕೆಲಸಕ್ಕೆ ಇನ್ನೊಂದು ಪುಟ ಸೇರಿಸಿ ಎಂದು ಕೈಮುಗಿದು ಕೇಳುತ್ತೇನೆ. ಮನೆಯ ಮುಂಭಾಗದ ಫೋಟೋ ತೆಗೆಯಲಿ, ಕಟ್ಟೆ ಕಾಣಬೇಕು, ಮನೆಯವರೆಲ್ಲ ಅದರಲ್ಲಿ ನಿಂತಿರಬೇಕು. ಬಾಡಿಗೆಗೆ ಇದ್ದವರು ಯಾರು, ಎಷ್ಟು ವರ್ಷದಿಂದ, ಏನು ಕೆಲಸ ಎಂದು ಬರೆಯಲಿ. ಮನೆಯ ಮುಂದೆ ಕೂತು ವ್ಯಾಪಾರ ಮಾಡುವವರ ಹೆಸರು ಕೇಳಲಿ. ಪರಿಹಾರದ ಹಣ ಸಂದಾಯ ಮಾಡುವ ದಿನವೇ ಆ ಪುಟದ ಒಂದು ಪ್ರತಿ, ನೀಲನಕ್ಷೆಯ ಒಂದು ಪ್ರತಿ ಆ ಸಂಸಾರದ ಕೈಗೆ ಕೊಡಲಿ. ಬಾಡಿಗೆಯವರಿಗೂ ಕೊಡಲಿ. ಅದರಿಂದ ಅವರಿಗೆ ಹಕ್ಕು ಹುಟ್ಟುತ್ತದೋ ಇಲ್ಲವೋ ಅದು ಕಾನೂನಿನ ಪ್ರಶ್ನೆ. ತಾವು ಇಲ್ಲಿ ಇದ್ದೆವು ಎಂಬ ಕಾಗದವಾದರೂ ಅವರ ಟ್ರಂಕಿನಲ್ಲಿ ಇರಬೇಕು.

ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಮಂಟಪದ ಸುತ್ತ ಬಾವಿಯಂತೆ ಗೋಡೆ ಎಬ್ಬಿಸಿ, ಹಿನ್ನೀರಿನ ನಡುವೆ ಅದನ್ನು ನೀರು ತಾಗದಂತೆ ಉಳಿಸಿಕೊಂಡಿದ್ದೇವೆ. ನಾವೆಲ್ಲರೂ ಮೆಟ್ಟಿಲಿಳಿದು ಹೋಗಿ ಅಲ್ಲಿ ಕೈಮುಗಿದವರೇ. ಉಳಿಸಬೇಕು ಎಂದು ಮನಸ್ಸು ಮಾಡಿದರೆ ನಮ್ಮ ಸರಕಾರಕ್ಕೆ, ನಮ್ಮ ಇಂಜಿನಿಯರುಗಳಿಗೆ ಎಷ್ಟು ಶಕ್ತಿ ಇದೆ ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ. ನಾನು ಕೇಳುತ್ತಿರುವುದಕ್ಕೆ ಗೋಡೆ ಬೇಡ, ಸಿಮೆಂಟು ಬೇಡ.

ನವನಗರದ ಬಗ್ಗೆ ಒಂದು ಮಾತು. ಹಳೆಯದನ್ನು ನೆನೆಸುವವರು ಹೊಸದನ್ನು ಬೈಯುವುದು ನಮ್ಮಲ್ಲಿ ರೂಢಿ, ನನಗೆ ಅದು ಸರಿಬರುವುದಿಲ್ಲ. ಅಗಲ ರಸ್ತೆ, ಗಿಡ, ಹತ್ತಿರದಲ್ಲೇ ಶಾಲೆ ಆಸ್ಪತ್ರೆ, ಹುಡುಗಿಯರು ಧೈರ್ಯವಾಗಿ ಸೈಕಲ್ ಹೊಡೆಯುವ ಊರು. ನನ್ನ ಮಕ್ಕಳಿಗೆ ಅದೇ ಹುಟ್ಟೂರು. ಒಂದೇ ಕೊರತೆ ನನಗೆ ಕಾಣುವುದು: ಮನೆಗಳ ಮುಂದೆ ಕಂಪೌಂಡ್ ಇದೆ, ಕಟ್ಟೆ ಇಲ್ಲ. ಅವ್ವ ಮೊದಲ ವರ್ಷ ಸಂಜೆಯಾದರೆ ಗೇಟಿನ ಹೊರಗೆ ಕುರ್ಚಿ ಹಾಕಿಕೊಂಡು ಕೂಡುತ್ತಿದ್ದಳು. ಯಾರೂ ಬಾರದೆ ಒಳಗೆ ಬರುತ್ತಿದ್ದಳು. ಮುಂದೆ ಹೊಸ ಬಡಾವಣೆ ಮಾಡುವಾಗ ರಸ್ತೆಗೆ ಮುಖ ಮಾಡಿದ ಒಂದು ಕಲ್ಲಿನ ಕಟ್ಟೆಗೆ ನಿಯಮದಲ್ಲೇ ಜಾಗ ಇಡಿ. ಇದನ್ನು ನಾನು ಸಣ್ಣ ಬೇಡಿಕೆ ಎಂದು ಬರೆಯುತ್ತಿಲ್ಲ.

ಇನ್ನು ನನ್ನ ಊರಿನವರಿಗೆ. ಅಟ್ಟ, ಟ್ರಂಕು, ಗೋದ್ರೆಜ್ ಕಪಾಟಿನ ಲಾಕರ್ ಒಮ್ಮೆ ತೆಗೆದು ನೋಡಿ. ಮದುವೆಯ ಫೋಟೋ ಇದ್ದರೆ ವಧುವರರ ಹಿಂದಿನ ಗೋಡೆ ನೋಡಿ, ಆ ಗೋಡೆ ನಮಗೆ ಬೇಕು. ಕಾಮಣ್ಣನ ಮುಂದೆ ಹಲಗೆ ಹಿಡಿದು ನಿಂತ ಹುಡುಗರ ಫೋಟೋ, ಮನೆಪಟ್ಟಿ ಕಟ್ಟಿದ ರಸೀದಿ, ವಿಳಾಸ ಬರೆದ ಹಳೆಯ ಇನ್‌ಲ್ಯಾಂಡ್ ಲೆಟರ್, ನಳದ ಬಿಲ್ಲು, ಯಾವುದೂ ಚಿಲ್ಲರೆ ಅಲ್ಲ. ರದ್ದಿಗೆ ಹಾಕುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ ಹಿಡಿದುಕೊಳ್ಳಿ. ಮನೆಯಲ್ಲಿ ಎಂಬತ್ತು ದಾಟಿದವರಿದ್ದರೆ ಇವತ್ತೇ ಸಂಜೆ ಪಕ್ಕದಲ್ಲಿ ಕೂತು ಕೇಳಿ. ‘ನಿಮ್ಮ ಕಾಲ ಹೇಗಿತ್ತು’ ಎಂದು ಕೇಳಬೇಡಿ, ಅವರು ‘ಭಾಳ ಚಲೋ ಇತ್ತು’ ಎಂದು ಸುಮ್ಮನಾಗುತ್ತಾರೆ. ನಮ್ಮ ಬಾಗಿಲಿನಿಂದ ಹೊರಗೆ ಬಂದು ಬಲಕ್ಕೆ ತಿರುಗಿದರೆ ಮೊದಲನೇ ಮನೆ ಯಾರದು ಎಂದು ಕೇಳಿ. ಅವರು ನಡೆಯತೊಡಗುತ್ತಾರೆ, ನೀವು ಬರೆದುಕೊಳ್ಳುತ್ತ ಹೋಗಿ.

ಅಧಿಕಾರಿಗಳೇ, ನೀವು ಹಾಳೆ ತೂಗುಹಾಕಿದ ದಿನ ಅಪ್ಪನ ಡೈರಿಯ ನಕಲನ್ನು ನಾನೇ ತಂದುಕೊಡುತ್ತೇನೆ. ಚೌಕದಿಂದ ಹೊಳೆಯವರೆಗಿನ ಎಡಗಡೆಯ ಸಾಲು ಅದರಲ್ಲಿ ಪೂರ್ತಿ ಇದೆ. ಬಲಗಡೆಯ ಸಾಲು ಗೊತ್ತಿದ್ದವರು ಅಲ್ಲಿಗೆ ಬನ್ನಿ.

ಇತಿ,
ಹಳೇ ಬಾಗಲಕೋಟೆಯ ಹೊಳೆ ಕಡೆಯ ಓಣಿಯಲ್ಲಿ ಹುಟ್ಟಿ, ಈಗ ನವನಗರದಲ್ಲಿರುವ ಪೋಸ್ಟ್‌ಮನ್‌ನ ಮಗಳು